ಆತ್ಮಹತ್ಯೆಯ ಆಲೋಚನೆ ಹಾಗೂ ಸಮಾನಾಂತರ ಲೋಕದ ನಂಬಿಕೆ: ನೆರವು ಪಡೆಯುವ ವಿಧಾನ

ಈ ಲೋಕ ನಿಜವಲ್ಲ, ಸಮಾನಾಂತರ ಲೋಕವೇ ನಿಜ ಎಂಬ ನಂಬಿಕೆಯೊಂದಿಗೆ ಆತ್ಮಹತ್ಯೆಯ ಆಲೋಚನೆಯೂ ಬಂದಲ್ಲಿ ಅದನ್ನು ತುರ್ತು ಪರಿಸ್ಥಿತಿಯೆಂದು ಪರಿಗಣಿಸತಕ್ಕದ್ದು. ತೀವ್ರ ಖಿನ್ನತೆ, ಚಿತ್ತವಿಕಲತೆ ಮುಂತಾದ ಕಾಯಿಲೆಗಳಲ್ಲಿ ಹೀಗಾಗಬಹುದು, ಇವುಗಳಿಗೆ ಚಿಕಿತ್ಸೆಯಿದೆ.

ಮನೆಯವರು: ಆ ಲೋಕದ ಸತ್ಯಾಸತ್ಯತೆಯನ್ನು ವಾದಿಸದೆ, ಸಾಯುವ ಆಲೋಚನೆಯಿದೆಯೇ ಎಂದು ಶಾಂತವಾಗಿ, ನೇರವಾಗಿ ವಿಚಾರಿಸಬೇಕು. ಹಾಗೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ವ್ಯಕ್ತಿಯನ್ನು ಒಂಟಿಯಾಗಿ ಬಿಡಬಾರದು.

ನೆರವು: ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಕನ್ನಡದಲ್ಲಿ ಉಚಿತವಾಗಿ ಲಭ್ಯವಿದೆ, ಅರ್ಜಿ ಅಗತ್ಯವಿಲ್ಲ. ಪ್ರಾಣಾಪಾಯವಿದ್ದಲ್ಲಿ 112ಕ್ಕೆ ಕರೆ ಮಾಡತಕ್ಕದ್ದು. ಜಿಲ್ಲಾ ಆಸ್ಪತ್ರೆಯ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರಿಗೆ ನಂಬಿಕೆ, ಆಲೋಚನೆ ಎರಡನ್ನೂ ತಿಳಿಸಬೇಕು.

ಕಾನೂನು: ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೇ ಪ್ರಕರಣದಂತೆ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು, ಅನ್ಯಥಾ ರುಜುವಾತಾಗದ ಹೊರತು, ಭಾವಿಸಲಾಗುವುದು. ಶಿಕ್ಷೆಯ ಭಯದಿಂದ ಚಿಕಿತ್ಸೆಯನ್ನು ಮುಂದೂಡಬಾರದು.