ಚುಕ್ಕೆ ಮಾಯ, ರೋಗ ಮಾಯವೇ?

ಪ್ರಶ್ನೆ: ಹೊಸದಾಗಿ ತಂದ ಕ್ಲೌನ್ ಮೀನಿನ ಮೈಮೇಲೆ ಉಪ್ಪಿನ ಹರಳಿನಂಥ ಚುಕ್ಕೆಗಳೆದ್ದು, ತಾವಾಗಿಯೇ ಹೋದವು. ವಾಸಿಯಾಯಿತೇ?
– ಓದುಗರು, ಬಾಪೂಜಿ ನಗರ

ಉತ್ತರ: ಈಗಲೇ ನಿರಾಳರಾಗಬೇಡಿ. ಇದು ಕ್ರಿಪ್ಟೊಕ್ಯಾರಿಯಾನ್ ಎಂಬ ಪರಾವಲಂಬಿಯ ಕಾಟವಿರಬಹುದು. ಚರ್ಮ, ಕಿವಿರುಗಳಲ್ಲಿ ಕೆಲವು ದಿನ ಮೇದು, ಕಳಚಿಕೊಂಡು, ತಳದ ಮರಳಿನಲ್ಲಿ ಕೋಶ ಕಟ್ಟುತ್ತದೆ. ಕೋಶ ಒಡೆದರೆ ನೂರಾರು ಮರಿಗಳು ಮತ್ತೆ ಮೀನಿಗೆ ಮುತ್ತುತ್ತವೆ. ತಾಮ್ರದ ಔಷಧಿ ಕೊಲ್ಲುವುದು ಈಜಾಡುವ ಈ ಮರಿಗಳನ್ನು ಮಾತ್ರ.

ಎಲ್ಲ ಮೀನುಗಳನ್ನೂ ಮರಳಿಲ್ಲದ ಬೇರೆ ಟ್ಯಾಂಕಿಗೆ ಬಿಟ್ಟು, ಟೆಸ್ಟ್ ಕಿಟ್‌ನಲ್ಲಿ ಅಳೆಯುತ್ತಾ ಔಷಧಿ ಹಾಕಿ. ಮುಖ್ಯ ಟ್ಯಾಂಕಿಗೆ ಸುರಿದರೆ ಹವಳ, ಸೀಗಡಿ ಸಾಯುತ್ತವೆ. ಆ ಟ್ಯಾಂಕನ್ನು ಸುಮಾರು 76 ದಿನ ಮೀನಿಲ್ಲದೆ ಬಿಡಿ. ನೀರು ಬದಲಿಸುವಾಗ ನಲ್ಲಿನೀರು ಬೇಡ, ಆರ್‌ಒ ನೀರಿಗೆ ಅಕ್ವೇರಿಯಂನ ಸಮುದ್ರದ ಉಪ್ಪು ಬೆರೆಸಿ. ಇನ್ನು ಮುಂದೆ ಯಾವ ಮೀನು ತಂದರೂ ಮೊದಲ ನಾಲ್ಕು ವಾರ ಕ್ವಾರಂಟೈನ್ ಮಾಡಿ.