ಬೇಲಿಯ ಗುಲಗಂಜಿ

ಬೇಸಗೆಯು ತಲೆದೋರುವ ದಿನಗಳಲ್ಲಿ ಊರ ಹೊರಗಿನ ಹೊಲದ ಬೇಲಿಗಳನ್ನು ಹಾದು ನಡೆದವರು, ಒಣಗಿದ ಕಳ್ಳಿ ಕಾರೆಗಳ ನಡುವೆ ಕೆಂಡದ ಕಿಡಿಗಳಂತಹ ಬೀಜಗಳ ಗೊಂಚಲನ್ನು ಕಂಡು ಕ್ಷಣಕಾಲ ನಿಂತಿರಬಹುದು. ಅದು ಗುಲಗಂಜಿಯ ಬಳ್ಳಿ. ಅದನ್ನು ನೆಟ್ಟವರಿಲ್ಲ, ನೀರೆರೆದವರಿಲ್ಲ. ಆಸರೆಗೆ ಸಿಕ್ಕ ಯಾವ ಗಿಡವನ್ನಾದರೂ ಸುತ್ತಿಕೊಂಡು ಮೇಲೇರುವುದು ಅದರ ಸ್ವಭಾವ. ಎಲೆಯು ಹುಣಿಸೆಯ ಎಲೆಯನ್ನು ಹೋಲುತ್ತದೆ. ಹೂವು ತಿಳಿಯಾದ ಊದಾ ಬಣ್ಣದ್ದು, ಅವರೆಯ ಹೂವಿನ ದಾಯಾದಿಯೆಂದು ನೋಡಿದೊಡನೆಯೇ ತಿಳಿಯುವುದು. ಕಾಯಿ ಒಣಗಿ ಬಿರಿದಾಗ ಸಿಪ್ಪೆಗಳು ಹಿಂದಕ್ಕೆ ಮುರುಟಿಕೊಳ್ಳುತ್ತವೆ. ಆದರೆ ಬೀಜಗಳು ನೆಲಕ್ಕೆ ಉದುರದೆ ಅಲ್ಲಿಯೇ ಅಂಟಿಕೊಂಡು ಬಹುಕಾಲ ಹೊಳೆಯುತ್ತಿರುತ್ತವೆ. ತಿರುಳಿಲ್ಲದ ಈ ಬೀಜವನ್ನು ಹಣ್ಣೆಂದು ಭ್ರಮಿಸಿ ಹಕ್ಕಿಗಳು ಕೊಂಡೊಯ್ಯಲೆಂದೇ ಈ ವೇಷವೆಂದು ಸಸ್ಯಶಾಸ್ತ್ರಜ್ಞರಲ್ಲಿ ಕೆಲವರ ಊಹೆ.

ಬೆರಗಾದವು ಹಕ್ಕಿಗಳು ಮಾತ್ರವೇ ಅಲ್ಲ. ಚಳಿಯಲ್ಲಿ ನಡುಗುತ್ತಿದ್ದ ಕೋತಿಗಳ ಗುಂಪೊಂದು ಕೆಂಪಾದುದನ್ನು ರಾಶಿ ಹಾಕಿ ಬೆಂಕಿಯೆಂದೇ ನಂಬಿ ಊದತೊಡಗಿದ ಕಥೆ ಪಂಚತಂತ್ರದಲ್ಲಿದೆಯಷ್ಟೆ. ಆ ಗ್ರಂಥದ ಕೆಲವು ಪಾಠಗಳಲ್ಲಿ ಕೋತಿಗಳನ್ನು ಮೋಸಗೊಳಿಸಿದುದು ಮಿಂಚುಹುಳು; ಬಹುಜನ ಓದುವ ಪಾಠದಲ್ಲಿ ಅದು ಗುಂಜಾಬೀಜ. ನನಗೆ ಗುಂಜಿಯ ಪಾಠವೇ ಹೆಚ್ಚು ರುಚಿಸುತ್ತದೆ. ಮಿಂಚುಹುಳುವಿನಲ್ಲಿ ಬೆಳಕಾದರೂ ಉಂಟು, ಗುಂಜಿಯಲ್ಲಿರುವುದು ಬರಿಯ ಬಣ್ಣ. ಭಾಗವತದ ದಶಮಸ್ಕಂಧದಲ್ಲಿ ಬ್ರಹ್ಮನು ಶ್ರೀಕೃಷ್ಣನನ್ನು ಸ್ತುತಿಸುವಾಗ, ಗೋಪಾಲನ ಕಿವಿಯಲ್ಲಿ ಕಾಣುವುದು ರತ್ನದ ಕುಂಡಲವಲ್ಲ, ಗುಂಜಿಯ ಆಭರಣ. ಕಾಡುಮೇಡುಗಳಲ್ಲಿ ದನ ಕಾಯುವವರಿಗೆ ಕಾಸಿಲ್ಲದೆ ದೊರೆಯುವ ಒಡವೆ ಇದೊಂದೇ. ಯುರೋಪಿನ ವಿದ್ವಾಂಸರಿಗೂ ಇದು ಮೊದಲು ಮಣಿಯಾಗಿಯೇ ಪರಿಚಯವಾದಂತೆ ತೋರುತ್ತದೆ. ಲಿನೇಯಸ್ ಪಂಡಿತನು ಇಟ್ಟ 'ಏಬ್ರಸ್ ಪ್ರಿಕೆಟೋರಿಯಸ್' ಎಂಬ ಹೆಸರಿನ ಎರಡನೆಯ ಪದವು ಪ್ರಾರ್ಥನೆಯ ಜಪಮಾಲೆಯನ್ನು ಸೂಚಿಸತಕ್ಕುದು.

ಆದರೆ ನಮ್ಮ ಮಾತಿನಲ್ಲಿ ಗುಲಗಂಜಿಯು ಉಳಿದಿರುವುದು ಒಡವೆಯಾಗಿ ಅಲ್ಲ, ತೂಕವಾಗಿ. 'ಗುಲಗಂಜಿಯಷ್ಟೂ ಸಂದೇಹವಿಲ್ಲ' ಎನ್ನುವಾಗ ನಾವು ಅರಿಯದೆಯೇ ಅಕ್ಕಸಾಲಿಗನ ತಕ್ಕಡಿಯನ್ನು ಎತ್ತಿ ಹಿಡಿಯುತ್ತೇವೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಮೂರು ಜವೆಗೋಧಿಗೆ ಒಂದು ಕೃಷ್ಣಲ, ಐದು ಕೃಷ್ಣಲಕ್ಕೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಸುವರ್ಣ ಎಂದು ಲೆಕ್ಕವಿದೆ. ಕೃಷ್ಣಲವೆಂದರೆ ಗುಂಜಿಯೇ, ಮೈಮೇಲಿನ ಕಪ್ಪು ಮಚ್ಚೆಯಿಂದ ಬಂದ ಹೆಸರು. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ಜವೆ ಎರಡೇ ಆಗಿ, ಮೂರು ಗುಂಜಿಗೆ ಒಂದು ವಲ್ಲ, ಎಂಟು ವಲ್ಲಕ್ಕೆ ಒಂದು ಧರಣ, ಎರಡು ಧರಣಕ್ಕೆ ಒಂದು ಗದ್ಯಾಣಕವಾಗಿದೆ. ಅಂದರೆ 48 ಗುಂಜಿ. ಕನ್ನಡ ಶಾಸನಗಳನ್ನು ಓದಿದವರಿಗೆ ಗದ್ಯಾಣವು ಹಳೆಯ ನೆಂಟ. ಈಚಿನವರೆಗೂ 96 ಗುಂಜಿಗೆ ಒಂದು ತೊಲವೆಂದು ಲೆಕ್ಕವಿದ್ದಿತು. 180 ಗ್ರೇನಿನ ತೊಲವನ್ನು ಹಿಡಿದು ಭಾಗಿಸಿದರೆ ಒಂದು ಗುಂಜಿಯು ಸುಮಾರು 121 ಮಿಲಿಗ್ರಾಮ್ ಆಗುತ್ತದೆ. 1956ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ದಶಮಾನ ಪದ್ಧತಿಯು ಬಂದು, ತೊಲವೂ ಗುಂಜಿಯೂ ಕಾಯಿದೆಯ ಪುಸ್ತಕದಿಂದ ಮರೆಯಾದುವು.

ಬೇಲಿಯ ಬೀಜವೊಂದಕ್ಕೆ ಚಿನ್ನವನ್ನೇ ಅಳೆಯುವ ಪದವಿ ಬಂದುದೇಕೆ? ಎಲ್ಲ ಬೀಜಗಳೂ ಒಂದೇ ತೂಕದವೆಂಬ ನಂಬಿಕೆ ನಿಜವಲ್ಲ; ಹಿಡಿಬೀಜವನ್ನು ತೂಗಿ ನೋಡಿದರೆ ಅಂತರವು ತಿಳಿಯುತ್ತದೆ. ಅಕ್ಕಸಾಲಿಗನು ಆರಿಸಿ ಇಟ್ಟುಕೊಳ್ಳುತ್ತಿದ್ದನು. ಆರಿಸಿದ ಬೀಜವು ಮಾತ್ರ ಕೈಕೊಡುತ್ತಿರಲಿಲ್ಲ. ಅದರ ಸಿಪ್ಪೆ ಬಹು ಗಟ್ಟಿ. ನೀರು ಸುಲಭವಾಗಿ ಒಳಹೊಗದು, ಹುಳು ಕೊರೆಯುವುದು ಅಪೂರ್ವ. ವರ್ಷಗಳು ಕಳೆದರೂ ತೂಕವು ಹೆಚ್ಚುಕಡಿಮೆ ಇದ್ದಂತೆಯೇ ಇರುವುದು. ಇಂತಹ ಹುಲುಬೀಜದೊಡನೆ ತನ್ನನ್ನು ತೂಗುವರಲ್ಲಾ ಎಂದು ಚಿನ್ನವು ಕೊರಗುವುದಾಗಿ ಸಂಸ್ಕೃತ ಸುಭಾಷಿತಕಾರರು ಕಲ್ಪಿಸಿದ್ದಾರೆ; ಬೆಂಕಿಯಲ್ಲಿ ಕಾಯಿಸಿದುದಕ್ಕಾಗಲಿ ಬಡಿದುದಕ್ಕಾಗಲಿ ಅದಕ್ಕೆ ಅಷ್ಟು ದುಃಖವಿಲ್ಲವಂತೆ.

ಆ ಸಿಪ್ಪೆಯ ಒಳಗಿರುವುದೇನೆಂಬುದು ಬೇರೆಯೇ ಕಥೆ. ಆಯುರ್ವೇದವು ಗುಂಜಿಯನ್ನು ಉಪವಿಷಗಳ ಸಾಲಿನಲ್ಲಿ ಇರಿಸಿದೆ. ತಲೆಯ ಕೂದಲು ಬಿಲ್ಲೆಬಿಲ್ಲೆಯಾಗಿ ಉದುರುವ ಇಂದ್ರಲುಪ್ತವೆಂಬ ರೋಗಕ್ಕೆ ಲೇಪವಾಗಿಯೂ ತೈಲವಾಗಿಯೂ ಅದನ್ನು ವಿಧಿಸಿದೆಯಾದರೂ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿಯೋ ಗಂಜಿಯಲ್ಲಿಯೋ ಬಹುಹೊತ್ತು ಬೇಯಿಸಿ ಶೋಧಿಸತಕ್ಕದ್ದೆಂದು ಕಟ್ಟಪ್ಪಣೆ ಮಾಡಿದೆ. ಇದನ್ನು ಬರಿಯ ಆಚಾರವೆಂದು ತಳ್ಳಿಹಾಕುವಂತಿಲ್ಲ. ಗುಂಜಿಯ ವಿಷವಾದ ಏಬ್ರಿನ್ ಒಂದು ಪ್ರೋಟೀನು. ಕುದಿಯುವ ಶಾಖಕ್ಕೆ ಅದರ ಶಕ್ತಿಯು ಕುಂದುತ್ತದೆ.

ಶೋಧನೆಯ ಮಾತನ್ನು ಬಿಟ್ಟು ಮದ್ದನ್ನು ಮಾತ್ರ ಹಿಡಿದರೆ ಏನಾಗುವುದೆಂಬುದಕ್ಕೆ ಪ್ಯಾರಿಸ್ ನಗರವೇ ಸಾಕ್ಷಿ. ರೆಪ್ಪೆಯ ಒಳಗೆ ಕಾಳುಗಳೆದ್ದು ಕಡೆಗೆ ದೃಷ್ಟಿಯನ್ನೇ ಕಳೆಯುವ ಟ್ರಕೋಮ ರೋಗಕ್ಕೆ ಬ್ರೆಜಿಲ್ ದೇಶದ ಜನರು ಈ ಬೀಜವನ್ನು ನೆನೆಸಿದ ನೀರನ್ನು ಹಾಕುತ್ತಿದ್ದರು. 1882ರಲ್ಲಿ ಪ್ಯಾರಿಸಿನ ಪ್ರಸಿದ್ಧ ನೇತ್ರವೈದ್ಯ ಲೂಯಿ ದ ವೆಕರ್ ಅದನ್ನು ಕೈಗೊಂಡನು. ಕಣ್ಣು ಭಯಂಕರವಾಗಿ ಉರಿದು ಊದಿ, ಆ ಉರಿಯೂತವು ಇಳಿಯುವಾಗ ಹಳೆಯ ರೋಗವನ್ನೂ ಕೊಂಡೊಯ್ಯಲಿ ಎಂಬುದು ಉದ್ದೇಶ. ಕೆಲವರಿಗೆ ಗುಣವಾಯಿತು, ಕೆಲವರ ಕಣ್ಣೇ ಹೋಯಿತು. ಕಡೆಗೆ ವೈದ್ಯರು ಆ ಮದ್ದನ್ನು ಕೈಬಿಟ್ಟರು. ಟ್ರಕೋಮಕ್ಕೆ ನಿಜವಾದ ಔಷಧವು ಇಪ್ಪತ್ತನೆಯ ಶತಮಾನದಲ್ಲಿ ಸಲ್ಫಾ ಮತ್ತು ಆಂಟಿಬಯಾಟಿಕ್ ಮದ್ದುಗಳೊಡನೆ ದೊರೆಯಿತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಆ ರೋಗವು ಭಾರತದಲ್ಲಿ ನಿವಾರಣೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿಯೂ ಗುಂಜಿಯ ದುರುಪಯೋಗವು ನಡೆಯದೆ ಇರಲಿಲ್ಲ. ಬೀಜದ ಪರಪನ್ನು ಮುಳ್ಳಿನಂತೆ ಮಾಡಿ, ಚರ್ಮದ ಆಸೆಗಾಗಿ ಅನ್ಯರ ದನಗಳ ಮೈಗೆ ಚುಚ್ಚುವ ಪಾತಕವು ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರಭಾರತದಲ್ಲಿ ಸರಕಾರಕ್ಕೆ ದೊಡ್ಡ ತಲೆನೋವಾಗಿದ್ದಿತು. ಪಶುವು ಕೆಲವು ದಿನಗಳಲ್ಲಿ ಸಾಯುತ್ತಿದ್ದಿತು. ರೈತನು ಹಾವು ಕಡಿಯಿತೆಂದುಕೊಳ್ಳುತ್ತಿದ್ದನು. ಗುಂಜಿಯ ವಿಷಕ್ಕೆ ಕಾರಣವು ಒಂದು ಸೂಕ್ಷ್ಮಜೀವಿಯೆಂದು ಆಗ ಯುರೋಪಿನಲ್ಲಿ ವಾದವಿದ್ದಿತು. ಅದು ತಪ್ಪೆಂದು 1884ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ವಾರ್ಡನ್ ಮತ್ತು ವಾಡೆಲ್ ಎಂಬಿಬ್ಬರು. ಮುಂದೆ ಟಿಬೆಟ್ಟಿನ ಬೌದ್ಧಧರ್ಮವನ್ನು ಕುರಿತು ಬರೆದು ಹೆಸರಾದ ವಾಡೆಲ್ ಇವನೇ.

ಇದರಿಂದ ಒಂದು ಒಳಿತೂ ಆಯಿತು. 1891ರಲ್ಲಿ ಜರ್ಮನಿಯ ಪಾಲ್ ಏರ್ಲಿಖ್ ಇಲಿಗಳಿಗೆ ಹರಳುಬೀಜದ ವಿಷವನ್ನೂ ಗುಂಜಿಯ ವಿಷವನ್ನೂ ಸೂಕ್ಷ್ಮ ಪ್ರಮಾಣದಿಂದ ಮೊದಲುಮಾಡಿ ಕ್ರಮಕ್ರಮವಾಗಿ ಏರಿಸುತ್ತ ಕೊಟ್ಟು ನೋಡಿದನು. ಇಲಿಗಳು ವಿಷವನ್ನು ತಾಳುವ ಶಕ್ತಿಯನ್ನು ಪಡೆದುವು. ಆದರೆ ಗುಂಜಿಯನ್ನು ಗೆದ್ದ ಇಲಿಯು ಹರಳಿನ ವಿಷಕ್ಕೆ ಸಾಯುತ್ತಿದ್ದಿತು. ಶರೀರವು ಒಂದೊಂದು ವಿಷಕ್ಕೂ ಅದಕ್ಕೆ ತಕ್ಕ ಪ್ರತಿವಸ್ತುವನ್ನು ಬೇರೆಬೇರೆಯಾಗಿ ತಯಾರಿಸುತ್ತದೆಂಬ ತತ್ತ್ವವು ಇದರಿಂದ ದೃಢವಾಯಿತು. 1908ರ ನೊಬೆಲ್ ಬಹುಮಾನವು ಅವನಿಗೆ ಸಂದುದು ಇಂತಹ ರೋಗನಿರೋಧ ಶಕ್ತಿಯ ಸಂಶೋಧನೆಗಳಿಗಾಗಿ.

ಮನುಷ್ಯರಿಗಾದರೋ ಏಬ್ರಿನ್ನಿಗೆ ಪ್ರತಿವಿಷವಿನ್ನೂ ದೊರೆತಿಲ್ಲ. ಅಳಗುಳಿಮಣೆಯ ಆಟಕ್ಕೆ ಹುಣಿಸೆಬೀಜದ ಬದಲು ಗುಲಗಂಜಿಯನ್ನು ತುಂಬಿದ ಚೀಲವು ಎಷ್ಟೋ ಮನೆಗಳ ಅಟ್ಟದ ಮೇಲೆ ಇನ್ನೂ ಇದ್ದೀತು. ಮಗುವು ಇಡೀ ಬೀಜವೊಂದನ್ನು ನುಂಗಿದರೆ ಗಟ್ಟಿ ಸಿಪ್ಪೆಯು ಕರಗದೆ ಬಹುಮಟ್ಟಿಗೆ ಹಾಗೆಯೇ ಹೊರಬೀಳುವುದು. ಜಗಿದರೆ ಅಥವಾ ಬೀಜವು ಒಡೆದಿದ್ದರೆ ಒಂದೇ ಬೀಜವೂ ಪ್ರಾಣಕ್ಕೆ ಅಪಾಯ. ವಾಂತಿ ಭೇದಿಗಳು ತೋರುವುದಕ್ಕೆ ಕೆಲವು ಗಂಟೆಗಳು, ಒಮ್ಮೊಮ್ಮೆ ಒಂದೆರಡು ದಿನಗಳೂ ಹಿಡಿಯುವುದರಿಂದ, ನುಂಗಿದ ಸುದ್ದಿ ತಿಳಿದೊಡನೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ದಾರಕ್ಕೆ ಪೋಣಿಸಲು ತೂತು ಕೊರೆದ ಬೀಜದಲ್ಲಿ ಆ ಕೋಟೆಯು ಆಗಲೇ ಒಡೆದಿರುತ್ತದೆ. 2011ರಲ್ಲಿ ಇಂಗ್ಲೆಂಡಿನ ಸಸ್ಯೋದ್ಯಾನವೊಂದು, ತಾನು ಮಾರಿದ್ದ ಗುಂಜಿಯ ಕೈಸರಗಳನ್ನೆಲ್ಲ ಹಿಂದಿರುಗಿಸಬೇಕೆಂದು ಕೊಂಡವರನ್ನು ಬೇಡಿಕೊಂಡುದು ಈ ಕಾರಣದಿಂದಲೇ.