ವೇಗದ ಮಿತಿ: ಹೊರನಾಡಿನ ವಾದ, ನಮ್ಮ ಹಾದಿಯ ಪ್ರಶ್ನೆ

ರಾಯಬಾಗ ತಾಲೂಕಿನ ಪಾಲಬಾವಿಯಂತಹ ಊರುಗಳಲ್ಲಿ ಇಂದು ಹೊರನಾಡಿನ ಸುದ್ದಿ ಅಪರೂಪದ್ದಾಗಿ ಉಳಿದಿಲ್ಲ. ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡಗಳ ಕಡೆಯ ಅನೇಕ ಮನೆತನಗಳ ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಕಡಲಾಚೆ ನೆಲೆಸಿದ್ದಾರೆ. ಜಾತ್ರೆಗೋ ಮದುವೆಗೋ ಅವರು ಊರಿಗೆ ಬಂದಾಗ ಅಲ್ಲಿಯ ಸಂಬಳ, ಚಳಿ, ಮನೆಬಾಡಿಗೆಗಳ ಮಾತು ಮುಗಿದ ಮೇಲೆ ತಪ್ಪದೆ ಬರುವ ಇನ್ನೊಂದು ಮಾತುಂಟು. ಅದು ಅಲ್ಲಿಯ ರಸ್ತೆಯ ದಂಡದ ಮಾತು. “ಕಾಕಾ, ಅಲ್ಲಿ ಪೊಲೀಸರು ಕಣ್ಣಿಗೇ ಬೀಳೂದಿಲ್ಲರಿ. ಹದಿನಾಕು ದಿನದಾಗ ಮನಿಗೆ ಕಾಗದ ಬರತೈತಿ” ಎಂದು ತರುಣರು ಹೇಳಿದರೆ, “ಹಂಗಾರ ಅದು ಸರಕಾರದ ಗಳಿಕೀ ದಾರಿನ ಆತಲ್ಲೋ ತಮ್ಮಾ” ಎಂದು ಹಿರಿಯರು ನಗುತ್ತಾರೆ. ನಗೆಯ ಹಿಂದಿರುವ ಪ್ರಶ್ನೆ ಮಾತ್ರ ಹಗುರವಾದುದಲ್ಲ. ದಂಡ ಬೊಕ್ಕಸಕ್ಕಾಗಿಯೋ, ಜೀವಕ್ಕಾಗಿಯೋ? ಈ ವಾದವನ್ನು ನಮಗಿಂತ ಮೊದಲು ನಡೆಸಿದ ದೇಶವೊಂದರ ಅನುಭವವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮಿತಿಯನ್ನು ತೆಗೆದು ನೋಡಿದ ದೇಶ

ವೇಗದ ಕಾನೂನಿನ ಇತಿಹಾಸದಲ್ಲಿ ಬ್ರಿಟನ್ನಿನ ಕಥೆ ಬೋಧಪ್ರದವಾದುದು. ಅಲ್ಲಿಯ 1865ರ ಕಾಯಿದೆಯಂತೆ ಯಂತ್ರದಿಂದ ಚಲಿಸುವ ಗಾಡಿಗಳು ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲು, ಪೇಟೆಯಲ್ಲಿ ಎರಡು ಮೈಲು ಮೀರಿ ಓಡುವಂತಿರಲಿಲ್ಲ. ಗಾಡಿಯ ಮುಂದೆ ಕೆಂಪು ಬಾವುಟ ಹಿಡಿದ ಮನುಷ್ಯನೊಬ್ಬ ನಡೆದು ಹೋಗಬೇಕಾಗಿತ್ತು. ಬಾವುಟದ ನಿಯಮ ಸಡಿಲಗೊಂಡರೂ ವೇಗದ ಕಟ್ಟು ಬಹುಕಾಲ ಉಳಿಯಿತು. 1896ರ ಜನವರಿಯಲ್ಲಿ ವಾಲ್ಟರ್ ಅರ್ನಾಲ್ಡ್ ಎಂಬುವರು ಕೆಂಟ್ ಪ್ರಾಂತದ ಹಳ್ಳಿಯೊಂದರಲ್ಲಿ ಗಂಟೆಗೆ ಎಂಟು ಮೈಲಿನ ವೇಗದಲ್ಲಿ ಮೋಟಾರು ಓಡಿಸಿದರು. ಪೊಲೀಸನೊಬ್ಬ ಸೈಕಲ್ಲಿನ ಮೇಲೆ ಬೆನ್ನಟ್ಟಿ ಅವರನ್ನು ಹಿಡಿದನು. ಅತಿವೇಗಕ್ಕಾಗಿ ಅವರು ತೆತ್ತ ದಂಡ ಒಂದು ಶಿಲಿಂಗ್. ಅತಿವೇಗಕ್ಕೆ ದಂಡ ತೆತ್ತ ಮೊದಲ ಮೋಟಾರು ಚಾಲಕರೆಂದು ಅವರ ಹೆಸರು ಉಳಿದಿದೆ.

ಕಾಲ ಬದಲಾಯಿತು. ಮೋಟಾರುಗಳು ಹೆಚ್ಚಿದವು, ಮಿತಿಯನ್ನು ಯಾರೂ ಪಾಲಿಸುವುದಿಲ್ಲವೆಂಬ ದೂರು ಬೆಳೆಯಿತು. ಪಾಲಿಸದ ಕಾನೂನು ಇದ್ದರೇನು, ಹೋದರೇನು ಎಂದು 1930ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾರುಗಳ ವೇಗಮಿತಿಯನ್ನೇ ಕಿತ್ತುಹಾಕಿತು. ಫಲವೇನಾಯಿತು? 1934ರಲ್ಲಿ ಆ ದೇಶದ ರಸ್ತೆಗಳಲ್ಲಿ 7,343 ಜನ ಪ್ರಾಣ ಕಳೆದುಕೊಂಡರು. ಆಗ ಅಲ್ಲಿದ್ದ ವಾಹನಗಳು ಸುಮಾರು 24 ಲಕ್ಷ ಮಾತ್ರ. ಗಾಬರಿಗೊಂಡ ಸರಕಾರ 1935ರ ಮಾರ್ಚಿನಿಂದ ಜನವಸತಿಯಿರುವ ಕಡೆ ಗಂಟೆಗೆ 30 ಮೈಲು, ಎಂದರೆ ಸುಮಾರು 48 ಕಿ.ಮೀ. ಮಿತಿಯನ್ನು ಮರಳಿ ತಂದಿತು. ಆಗಿನ ಸಾರಿಗೆ ಸಚಿವ ಹೋರ್-ಬೆಲೀಷಾ ಅವರು ಪಾದಚಾರಿಗಳು ದಾಟುವ ಸ್ಥಳಗಳಲ್ಲಿ ನೆಡಿಸಿದ ದೀಪದ ಕಂಬಗಳು ಇಂದಿಗೂ ಅವರ ಹೆಸರಿನಿಂದಲೇ ಕರೆಯಲ್ಪಡುತ್ತಿವೆ. ಇಂದು ಅಲ್ಲಿ ವಾಹನಗಳ ಸಂಖ್ಯೆ ನಾಲ್ಕು ಕೋಟಿಯನ್ನು ದಾಟಿದೆ. ಆದರೂ 2023ರಲ್ಲಿ ರಸ್ತೆಯಲ್ಲಿ ಮಡಿದವರು 1,624 ಜನ. ವಾಹನ ಹಲವು ಪಟ್ಟು ಹೆಚ್ಚಿತು, ಸಾವು ಕಾಲು ಭಾಗಕ್ಕಿಂತಲೂ ಕಡಿಮೆಯಾಯಿತು. ಒಳ್ಳೆಯ ರಸ್ತೆ, ಒಳ್ಳೆಯ ವೈದ್ಯ, ಸೀಟ್ ಬೆಲ್ಟ್ ಇವೆಲ್ಲವುಗಳ ಪಾಲು ಇದರಲ್ಲಿದೆ; ವೇಗದ ಕಡಿವಾಣದ ಪಾಲೂ ಇದೆ.

ಅಲ್ಲಿಯೂ ಗೊಣಗುವವರಿದ್ದಾರೆ

ಪರದೇಶದವರೆಲ್ಲರೂ ಕಾನೂನನ್ನು ತಲೆಬಾಗಿ ಪಾಲಿಸುತ್ತಾರೆಂಬುದು ನಮ್ಮಲ್ಲಿ ಬೆಳೆದಿರುವ ಒಂದು ಭ್ರಮೆ. ಬ್ರಿಟನ್ನಿನ ಭಾಗವಾದ ವೇಲ್ಸ್ ನಾಡಿನ ಸರಕಾರ 2023ರ ಸೆಪ್ಟೆಂಬರ್ 17ರಿಂದ ಜನವಸತಿಯ ಬಹುಪಾಲು ರಸ್ತೆಗಳಲ್ಲಿ ಮಿತಿಯನ್ನು 30 ಮೈಲಿನಿಂದ 20 ಮೈಲಿಗೆ, ಎಂದರೆ ಸುಮಾರು 32 ಕಿ.ಮೀ.ಗೆ ಇಳಿಸಿತು. ಮೂವತ್ತೊಂದು ಲಕ್ಷ ಜನರಿರುವ ಆ ಪುಟ್ಟ ನಾಡಿನಲ್ಲಿ ನಾಲ್ಕೂವರೆ ಲಕ್ಷಕ್ಕೂ ಮಿಕ್ಕಿದ ಸಹಿಗಳು ಅದರ ವಿರುದ್ಧದ ಮನವಿಗೆ ಬಿದ್ದವು. ಹೊತ್ತು ಹಾಳಾಗುತ್ತದೆ, ವ್ಯಾಪಾರ ಕೆಡುತ್ತದೆ, ಇದು ಹಣ ಕೀಳುವ ಹೂಟ ಎಂದರು ವಿರೋಧಿಗಳು. ಮಗುವೊಂದು ರಸ್ತೆಗೆ ಓಡಿಬಂದರೆ ಗಾಡಿ ನಿಲ್ಲುತ್ತದೆಯೋ ಇಲ್ಲವೋ, ಅದನ್ನು ಹೇಳಿರಿ ಎಂದರು ಸಮರ್ಥಕರು. ಮೊದಲ ವರ್ಷದ ಲೆಕ್ಕದಲ್ಲಿ ಇಂತಹ ರಸ್ತೆಗಳ ಮೇಲೆ ಸತ್ತವರ ಮತ್ತು ಗಾಯಗೊಂಡವರ ಸಂಖ್ಯೆ ಸುಮಾರು ಕಾಲು ಭಾಗದಷ್ಟು ತಗ್ಗಿತು. ಆದರೆ ಸರಕಾರವೂ ಹಟ ಹಿಡಿಯಲಿಲ್ಲ. ಮಿತಿ ಹೊಂದದ ಕೆಲವು ರಸ್ತೆಗಳನ್ನು ಹಳೆಯ ವೇಗಕ್ಕೆ ಮರಳಿಸಲು ಸ್ಥಳೀಯ ಸಂಸ್ಥೆಗಳಿಗೆ 2024ರಲ್ಲಿ ಅವಕಾಶ ಕೊಟ್ಟಿತು. ವಾದಕ್ಕೆ ಕಿವಿಗೊಡುವುದು, ಲೆಕ್ಕವನ್ನು ನೋಡುವುದು, ಅನಂತರ ತಿದ್ದಿಕೊಳ್ಳುವುದು—ಇದು ಪ್ರಜಾಪ್ರಭುತ್ವದ ಸರಿಯಾದ ಕ್ರಮ.

ದಂಡದ ಸ್ವರೂಪವೂ ಅಲ್ಲಿ ಬೇರೆ. ಬ್ರಿಟನ್ನಿನಲ್ಲಿ ಅತಿವೇಗಕ್ಕೆ ಕನಿಷ್ಠ 100 ಪೌಂಡ್ ದಂಡವಲ್ಲದೆ ಲೈಸೆನ್ಸಿನ ಮೇಲೆ ಮೂರು ಕಪ್ಪು ಅಂಕಗಳು ಬೀಳುತ್ತವೆ. ಮೂರು ವರ್ಷಗಳೊಳಗೆ ಹನ್ನೆರಡು ಅಂಕಗಳಾದರೆ ಸಾಮಾನ್ಯವಾಗಿ ವಾಹನ ಓಡಿಸುವ ಹಕ್ಕೇ ಹೋಗುತ್ತದೆ. ಹೊಸದಾಗಿ ಲೈಸೆನ್ಸ್ ಪಡೆದವರಿಗೆ ಮೊದಲ ಎರಡು ವರ್ಷಗಳಲ್ಲಿ ಆರೇ ಅಂಕಗಳು ಸಾಕು. ಮಿತಿಯನ್ನು ಸ್ವಲ್ಪವೇ ಮೀರಿದವರಿಗೆ ಅಂಕಗಳ ಬದಲು ಪಾಠ ಕೇಳುವ ಅವಕಾಶವನ್ನು ಪೊಲೀಸರು ಕೊಡುವುದುಂಟು. ಹಣ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ ಎಂಬುದೇ ಈ ಏರ್ಪಾಟಿನ ಬಲ.

ಸಿರಿವಂತನ ಸಾವಿರ, ಬಡವನ ಸಾವಿರ

ನಮ್ಮ ಊರಿನ ಕಟ್ಟೆಯ ಮೇಲೆ ಕೇಳಿಬರುವ ಇನ್ನೊಂದು ಆಕ್ಷೇಪ ನ್ಯಾಯವಾದುದು. ಸಾವಿರ ರೂಪಾಯಿ ದಂಡ ಕೂಲಿಯವನಿಗೆ ಎರಡು ಮೂರು ದಿನಗಳ ಅನ್ನ. ದೊಡ್ಡ ಕಾರಿನ ಧಣಿಗೆ ಅದು ಎಲೆಯಡಿಕೆಯ ಖರ್ಚು. ಈ ಪ್ರಶ್ನೆಗೆ ಫಿನ್‌ಲೆಂಡ್ ದೇಶ ನೂರು ವರ್ಷಗಳ ಹಿಂದೆಯೇ, 1921ರಲ್ಲಿ, ಒಂದು ಉತ್ತರ ಕಂಡುಕೊಂಡಿತು. ಅಲ್ಲಿ ಗಂಭೀರ ತಪ್ಪಿಗೆ ದಂಡವನ್ನು ದಿನಗಳ ಲೆಕ್ಕದಲ್ಲಿ ವಿಧಿಸುತ್ತಾರೆ; ಆ ದಿನದ ಬೆಲೆಯನ್ನು ತಪ್ಪಿತಸ್ಥನ ಆದಾಯ ನಿರ್ಧರಿಸುತ್ತದೆ. 2023ರಲ್ಲಿ ಅಲ್ಲಿಯ ಶ್ರೀಮಂತ ಉದ್ಯಮಿ ಆಂಡರ್ಸ್ ವಿಕ್ಲಾಫ್ ಅವರು 50 ಕಿ.ಮೀ. ಮಿತಿಯ ರಸ್ತೆಯಲ್ಲಿ 82 ಕಿ.ಮೀ. ವೇಗದಿಂದ ಹೋದುದಕ್ಕೆ 1,21,000 ಯುರೋ ದಂಡ ತೆರಬೇಕಾಯಿತು. ಆಗಿನ ಬೆಲೆಯಲ್ಲಿ ಅದು ನಮ್ಮ ಒಂದು ಕೋಟಿ ರೂಪಾಯಿಗೂ ಹೆಚ್ಚು. ಅದೇ ತಪ್ಪನ್ನು ಬಡವನೊಬ್ಬ ಮಾಡಿದ್ದರೆ ಅವನ ಗಳಿಕೆಗೆ ತಕ್ಕ ಚಿಕ್ಕ ಮೊತ್ತದಲ್ಲಿ ಮುಗಿಯುತ್ತಿತ್ತು. ಆದಾಯದ ನಿಜವಾದ ಲೆಕ್ಕ ಸರಕಾರದ ಬಳಿ ಇರುವ ದೇಶದಲ್ಲಿ ಮಾತ್ರ ಇದು ಸಾಧ್ಯವೆಂಬುದನ್ನು ಒಪ್ಪೋಣ. ಆದರೆ ಕಾನೂನಿನ ಏಟು ಎಲ್ಲರಿಗೂ ಸಮನಾಗಿ ತಾಗಬೇಕೆಂಬ ಅದರ ಹಿಂದಿನ ತತ್ತ್ವ ಮನನೀಯವಾದುದು.

ನಮ್ಮಲ್ಲಿ ನಡೆದುದೇನು?

ಭಾರತದಲ್ಲಿ 1988ರ ಮೋಟಾರು ವಾಹನ ಕಾಯಿದೆಯಂತೆ ಅತಿವೇಗದ ಮೊದಲ ತಪ್ಪಿಗೆ ಇದ್ದ ದಂಡ 400 ರೂಪಾಯಿ. ತಿದ್ದುಪಡಿಯಾದ ಕಾಯಿದೆ 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು, ಹಗುರ ವಾಹನಗಳಿಗೆ 1000ದಿಂದ 2000, ಭಾರೀ ವಾಹನಗಳಿಗೆ 2000ದಿಂದ 4000 ರೂಪಾಯಿಯವರೆಗೆ ಅದನ್ನು ಏರಿಸಿತು. ದೇಶದ ತುಂಬ ಕೂಗೆದ್ದಿತು. ಗುಜರಾತದ ಬೆನ್ನಲ್ಲೇ ಕರ್ನಾಟಕವೂ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದವರ ದಂಡ ಸಾವಿರದಿಂದ ಐನೂರಕ್ಕೆ ಬಂದಿತು. ಮುಂದೆ 2023ರ ಫೆಬ್ರುವರಿಯಲ್ಲಿ ಬಾಕಿ ದಂಡವನ್ನು ಅರ್ಧಕ್ಕೆ ತೀರಿಸುವ ರಿಯಾಯಿತಿ ಕೊಟ್ಟಾಗ ಜನ ಸಾಲುಗಟ್ಟಿ ನಿಂತರು. ಸಂಗ್ರಹ ನೂರು ಕೋಟಿ ರೂಪಾಯಿಯನ್ನು ದಾಟಿತು. 2025ರಲ್ಲಿ ಮತ್ತೆ ಅಂತಹುದೇ ರಿಯಾಯಿತಿ ಬಂದಿತು. ಬಾಕಿ ವಸೂಲಾದುದು ನಿಜ. ಆದರೆ ಕಾದರೆ ಅರ್ಧವಾಗುವ ದಂಡದಿಂದ ಜನ ಕಲಿಯುವ ಪಾಠವಾದರೂ ಯಾವುದು? ಬಟ್ಟೆ ಅಂಗಡಿಯ ಸೋಡಿಯಂತೆ ಕಾನೂನನ್ನೂ ಹಬ್ಬಕ್ಕೆ ಕಾಯ್ದು ಕೊಳ್ಳಬಹುದೆಂಬ ಭಾವನೆ ಬೆಳೆಯಬಾರದು.

ಇನ್ನೊಂದು ಬದಿಯ ನಿದರ್ಶನವೂ ನಮ್ಮ ರಾಜ್ಯದಲ್ಲಿಯೇ ಇದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿಯಿಲ್ಲದ ದಿನಗಳೇ ವಿರಳವಾಗಿದ್ದವು. ಪೊಲೀಸರು ವೇಗ ಅಳೆಯುವ ಉಪಕರಣಗಳೊಡನೆ ನಿಂತು 100 ಕಿ.ಮೀ. ಮಿತಿಯನ್ನು ಬಿಗಿಗೊಳಿಸಿದರು. ಆಗಸ್ಟ್ 1ರಿಂದ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರುಗಳಿಗೂ ನಿಷೇಧ ಬಂದಿತು. ಅನಂತರ ಕ್ಯಾಮೆರಾಗಳು ಬಂದವು. ಮುಂದಿನ ವರ್ಷ ಸಾವಿನ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ರಸ್ತೆ ಅದೇ, ಜನ ಅದೇ. ನಿಗಾ ಮಾತ್ರ ಬದಲಾಯಿತು.

ದೇಶದ ಲೆಕ್ಕ ಎದೆ ನಡುಗಿಸುವಂತಹುದು. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿ ಹೇಳಿದೆ.

ಕಬ್ಬಿನ ಹಂಗಾಮಿನ ರಾತ್ರಿಗಳು

ನಮ್ಮ ಸೀಮೆಯ ಸಂಕಟ ಹೆದ್ದಾರಿಯದಲ್ಲ. ಅದು ಕಬ್ಬಿನ ಹಾದಿಯದು. ನುರಿಸುವ ಹಂಗಾಮು ಆರಂಭವಾಯಿತೆಂದರೆ ಉಗಾರ, ರಾಯಬಾಗ, ಚಿಕ್ಕೋಡಿ, ಅಥಣಿಗಳ ಕಾರ್ಖಾನೆಗಳತ್ತ ಹಗಲೂ ಇರುಳೂ ಜೋಡಿ ಟ್ರಾಲಿಗಳ ಸಾಲು ಸಾಗುತ್ತದೆ. ಹೇರು ಮಿತಿ ಮೀರಿರುತ್ತದೆ. ಹಿಂದೆ ದೀಪವಿರುವುದಿಲ್ಲ, ಇದ್ದರೂ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಗಾಲಿ ಪಂಚರಾದರೆ ಟ್ರಾಲಿ ನಡುರಸ್ತೆಯಲ್ಲಿಯೇ ನಿಲ್ಲುತ್ತದೆ, ಸುತ್ತ ನಾಲ್ಕು ಕಲ್ಲುಗಳ ಕಾವಲಿನಲ್ಲಿ. ಆ ಕತ್ತಲೆಯಲ್ಲಿ ಸಂತೆಯಿಂದಲೋ ಬೀಗರ ಮನೆಯಿಂದಲೋ ಮೋಟಾರ್ ಸೈಕಲ್ಲಿನ ಮೇಲೆ ಮೂವರು ತರುಣರು ಬರುತ್ತಾರೆ. ಮರುದಿನ ಊರಿಗೆ ಊರೇ ಒಲೆ ಹಚ್ಚುವುದಿಲ್ಲ. ಇಂತಹ ಸಾವನ್ನು ಕಾಣದ ಹಳ್ಳಿ ಈ ಭಾಗದಲ್ಲಿ ಎಷ್ಟಿದ್ದಾವು?

ಇಲ್ಲಿ ಒಂದು ಸರಳ ಗಣಿತವನ್ನು ಮನೆಮಂದಿಯೆಲ್ಲ ಕೂಡಿ ಮಾಡಿ ನೋಡಬೇಕು. ಬ್ರಿಟನ್ನಿನಲ್ಲಿ ಚಾಲಕರಿಗೆ ಕಲಿಸುವ ಲೆಕ್ಕದಂತೆ, ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಇರುವ ಕಾರು 32 ಕಿ.ಮೀ. ವೇಗದಲ್ಲಿದ್ದರೆ ನಿಲ್ಲಲು 12 ಮೀಟರ್ ಬೇಕು, 48 ಕಿ.ಮೀ.ಗೆ 23 ಮೀಟರ್, 64 ಕಿ.ಮೀ.ಗೆ 36 ಮೀಟರ್, 96 ಕಿ.ಮೀ.ಗೆ 73 ಮೀಟರ್. ಕತ್ತಲಲ್ಲಿ ನಿಂತ ಟ್ರಾಲಿ ಮೂವತ್ತು ಮೀಟರಿಗೆ ಕಣ್ಣಿಗೆ ಬಿದ್ದಿತೆಂದು ಇಟ್ಟುಕೊಳ್ಳೋಣ. 48ರಲ್ಲಿ ಬಂದವನು ಏಳು ಮೀಟರ್ ಉಳಿಸಿಕೊಂಡು ನಿಲ್ಲುತ್ತಾನೆ. 64ರಲ್ಲಿ ಬಂದವನು ನಿಲ್ಲಲಾರನು. ವೇಗ ಇಮ್ಮಡಿಯಾದರೆ ಏಟಿನ ಬಲ ನಾಲ್ಮಡಿಯಾಗುತ್ತದೆಂಬುದು ಪ್ರಕೃತಿಯ ನಿಯಮ, ಅದಕ್ಕೆ ರಿಯಾಯಿತಿಯಿಲ್ಲ. ಇನ್ನು ಉಳಿಯುವ ಹೊತ್ತಾದರೂ ಎಷ್ಟು? ಹತ್ತು ಕಿ.ಮೀ. ದೂರದ ಪೇಟೆಗೆ ನಲವತ್ತರ ವೇಗದಲ್ಲಿ ಹದಿನೈದು ನಿಮಿಷ, ಅರವತ್ತರ ವೇಗದಲ್ಲಿ ಹತ್ತು ನಿಮಿಷ. ಐದು ನಿಮಿಷಕ್ಕಾಗಿ ಒಂದು ಜೀವವನ್ನು ಪಣಕ್ಕಿಡುವುದು ಯಾವ ವ್ಯವಹಾರ?

ದಂಡವೊಂದೇ ಸಾಲದು

ಹಾಗೆಂದು ಎಲ್ಲ ಹೊಣೆಯನ್ನೂ ಚಾಲಕನ ತಲೆಗೆ ಕಟ್ಟುವುದು ಧರ್ಮವಲ್ಲ. ಸ್ವೀಡನ್ ದೇಶದ ಪಾರ್ಲಿಮೆಂಟು 1997ರಲ್ಲಿ ಒಂದು ಗುರಿಯನ್ನು ಅಂಗೀಕರಿಸಿತು: ರಸ್ತೆಯಲ್ಲಿ ಒಂದೂ ಸಾವಾಗಬಾರದು. ಮನುಷ್ಯ ತಪ್ಪುವವನೇ, ಆ ತಪ್ಪಿಗೆ ಮರಣವೇ ಶಿಕ್ಷೆಯಾಗದಂತೆ ರಸ್ತೆಯನ್ನು ಕಟ್ಟಬೇಕೆಂಬುದು ಅವರ ವಿಚಾರ. ಈ ಮಾತನ್ನು ನಮ್ಮ ಲೋಕೋಪಯೋಗಿ ಇಲಾಖೆಯೂ ಪಂಚಾಯತಿಗಳೂ ಕೇಳಿಸಿಕೊಳ್ಳಬೇಕು. ತಗ್ಗು ಬಿದ್ದ ರಸ್ತೆ, ಬಣ್ಣ ಬಳಿಯದ ಉಬ್ಬು, ಫಲಕವಿಲ್ಲದ ತಿರುವು ಇವುಗಳಿಗೆ ದಂಡ ಹಾಕುವವರು ಯಾರು? ರಸೀದಿಯಿಲ್ಲದೆ ಕೈಬದಲಾಗುವ ಹಣ ದಂಡವೇ ಅಲ್ಲ. ಅದು ಕೊಟ್ಟವನನ್ನೂ ಕೊಂಡವನನ್ನೂ ಕೆಡಿಸುತ್ತದೆ. ವೇಗದ ಮಿತಿಯನ್ನು ತಿಳಿಸುವ ಫಲಕವಿಲ್ಲದ ಕಡೆ ಮರೆಯಲ್ಲಿ ನಿಂತು ಹಿಡಿಯುವುದರಿಂದ ಕಾನೂನಿನ ಮೇಲಿನ ಗೌರವ ಹೆಚ್ಚುವುದಿಲ್ಲ.

ಆದರೆ ಸರಕಾರದ ದಾರಿ ಕಾಯದೆ ನಾವೇ ಮಾಡಬಹುದಾದ ಕೆಲಸಗಳಿವೆ. ಹಂಗಾಮಿನ ಆರಂಭದಲ್ಲಿ ಅಲ್ಲಲ್ಲಿ ಪೊಲೀಸರೂ ಕಾರ್ಖಾನೆಯವರೂ ಟ್ರಾಲಿಗಳಿಗೆ ರೇಡಿಯಂ ಪಟ್ಟಿ ಅಂಟಿಸುವುದುಂಟು. ಅದನ್ನು ಟ್ರ್ಯಾಕ್ಟರಿನ ಮಾಲೀಕರು ತಾವಾಗಿಯೇ ಮಾಡಿಸಬೇಕು. ಅದರ ಬೆಲೆ ಒಂದು ದಿನದ ಡೀಸೆಲ್ಲಿನ ಮುಂದೆ ಏನೂ ಅಲ್ಲ. ಕೆಟ್ಟು ನಿಂತ ಗಾಡಿಯ ಹಿಂದೆ ದೂರದಲ್ಲಿಯೇ ದೀಪವನ್ನೋ ಕೆಂಪು ಬಟ್ಟೆಯನ್ನೋ ಇಡಬೇಕು. ಟೇಪಿನ ಅಬ್ಬರದಲ್ಲಿ ಹಿಂದಿನ ಹಾರ್ನ್ ಕೇಳದಂತಾಗಬಾರದು.

ತಂದೆ ತಾಯಿಗಳಿಗೆ ಒಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಹದಿನೆಂಟು ತುಂಬದ ಮಗನ ಕೈಗೆ ಗಾಡಿಯ ಕೀಲಿ ಕೊಡುವುದು ಪ್ರೀತಿಯ ಗುರುತಾಗಿ ಬೆಳೆಯುತ್ತಿದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತ ಬಾಲಕ ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಬಾಲಕನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕಾನೂನಿನ ಭಯಕ್ಕಿಂತ ದೊಡ್ಡದು ಕರುಳಿನ ಭಯ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದುದಕ್ಕೆ ಮೋಟಾರ್ ಸೈಕಲ್ಲನ್ನೇ ಬಹುಮಾನ ಕೊಡಬೇಕೆಂಬ ನಿಯಮವೇನೂ ಇಲ್ಲ.

ಕಡಲಾಚೆ ಇರುವ ನಮ್ಮ ಮಕ್ಕಳು ಅಲ್ಲಿ ಮೂವತ್ತು ಮೈಲಿನ ಫಲಕ ಕಂಡೊಡನೆ ವೇಗ ತಗ್ಗಿಸುತ್ತಾರೆ. ಅದೇ ಮಕ್ಕಳು ವಿಮಾನ ಇಳಿದು ಊರ ಹಾದಿ ಹಿಡಿದೊಡನೆ ಹೆಲ್ಮೆಟ್ಟನ್ನು ಗೂಟಕ್ಕೆ ತೂಗುಹಾಕುವುದನ್ನೂ ಕಾಣುತ್ತೇವೆ. ಆದುದರಿಂದ ದೋಷ ರಕ್ತದಲ್ಲಿಲ್ಲ, ರೂಢಿಯಲ್ಲಿದೆ, ರೂಢಿಯನ್ನು ತಿದ್ದಬಹುದು. ಬ್ರಿಟನ್ ಮಿತಿಯನ್ನು ಕಿತ್ತೊಗೆದು, ಹೆಣಗಳನ್ನು ಎಣಿಸಿ, ಐದೇ ವರ್ಷಗಳಲ್ಲಿ ಮರಳಿ ತಂದಿತು. ಅಷ್ಟು ಬೆಲೆ ತೆತ್ತು ಕಲಿತ ಪಾಠ ನಮಗೆ ಬಿಟ್ಟಿಯಾಗಿ ದೊರೆತಿದೆ. ಈ ಹಂಗಾಮಿನಲ್ಲಿ ಕಬ್ಬು ಎಷ್ಟು ಟನ್ ನುರಿಯಿತೆಂಬುದನ್ನು ಪ್ರತಿಯೊಂದು ಕಾರ್ಖಾನೆಯೂ ಲೆಕ್ಕವಿಡುತ್ತದೆ. ಎಷ್ಟು ಜನ ಸುಖವಾಗಿ ಮನೆಗೆ ಮರಳಿದರೆಂಬ ಲೆಕ್ಕವನ್ನು ನಾವು, ಮನೆಮನೆಯವರು, ಇಡೋಣ.